ಬೋಧಿಸತ್ವನ ಎಡಗೆನ್ನೆ

ಹಳೆಯ ಕಂಚಿನ ಮೂರ್ತಿಗಳ ದುರಸ್ತಿ ಆ ಅಕ್ಕ-ತಮ್ಮಂದಿರಿಗೆ ತಂದೆಯಿಂದ ಬಂದ ಕಸುಬು. ತಂದೆ ಕೊನೆಗಾಲದಲ್ಲಿ ಹಲ್ಲೆಲ್ಲ ಉದುರಿ, ಮಕ್ಕಳ ಹೆಸರೂ ಮರೆತು, ನಡುಗುತ್ತಲೇ ತೀರಿಕೊಂಡಿದ್ದರು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಕಂಚಿಗೆ ಬಳಿದು, ಕೆಂಡದ ಮೇಲೆ ಕಾಯಿಸಿದರೆ ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಹೊಗೆಯೇ ಅವರನ್ನು ತಿಂದದ್ದು. ಅಂದಿನಿಂದ ಅಕ್ಕ ಪಾದರಸದ ಸೀಸೆಯನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಪುರಾತನ ವಸ್ತುಗಳ ವ್ಯಾಪಾರಿ ಮೊಳದುದ್ದದ ಬೋಧಿಸತ್ವನನ್ನು ತಂದ. ನೂರಾರು ವರ್ಷದ ಮೂರ್ತಿ. ಕಿರೀಟ, ಹಾರ, ಮಡಚಿದ ಕಾಲು, ಎಲ್ಲದರ ಮೇಲೂ ಚಿನ್ನದ ಲೇಪ ಹಾಗೇ ಇತ್ತು. ಎಡಗೆನ್ನೆ ಮಾತ್ರ ಯಾರ್ಯಾರೋ ಮುಟ್ಟಿ ಮುಟ್ಟಿ ಸವೆದು ಕಪ್ಪಾಗಿತ್ತು.

"ಕೆನ್ನೆಗೆ ಚಿನ್ನ ಹಿಡಿಸಿ ಕೊಡಿ. ಹಳೇ ವಿಧಾನದಲ್ಲೇ ಆಗ್ಬೇಕು" ಎಂದ ವ್ಯಾಪಾರಿ.

"ಅದೊಂದು ಆಗಲ್ಲ. ಧೂಳು, ಕಿಲುಬು ತೆಗೆದು ಕೊಡ್ತೀನಿ, ಅಷ್ಟೇ" ಎಂದಳು ಅಕ್ಕ.

ವ್ಯಾಪಾರಿ ಹೋದ ಮೇಲೆ ತಮ್ಮ ಶುರು ಮಾಡಿದ.

"ಅಪ್ಪನ ವಿದ್ಯೆ ನನಗೂ ಬರುತ್ತೆ ಅಕ್ಕ. ಇಪ್ಪತ್ತು ವರ್ಷದಿಂದ ಧೂಳು ಒರೆಸ್ತಾ ಇದೀನಿ. ಕಸ ಗುಡಿಸೋರಿಗೂ ನನಗೂ ಏನು ವ್ಯತ್ಯಾಸ?"

"ಹಗಲು ಕಂಡ ಬಾವಿಗೆ ರಾತ್ರಿ ಬಿದ್ರಂತೆ. ಅಪ್ಪನ್ನ ನೋಡಿಯೂ ಈ ಮಾತಾಡ್ತೀಯಲ್ಲೋ!"

"ಬಿದ್ರೆ ಎತ್ತೋಕೆ ನೀನಿದೀಯಲ್ಲ" ಎಂದು ನಕ್ಕ.

ಮಗಳ ಹೆರಿಗೆಗೆಂದು ಅಕ್ಕ ನಾಲ್ಕು ದಿನ ಪರವೂರಿಗೆ ಹೋದಳು. ಅವಳು ಬಸ್ಸು ಹತ್ತಿದ್ದೇ ತಡ, ತಮ್ಮ ಪಾದರಸ ತಂದ. ಹೊಗೆ ಕಂಡರೆ ನೆರೆಯವರು ದೂರುತ್ತಾರೆಂದು ಹಿಂದಿನ ಕೋಣೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ. ದಿನಕ್ಕೊಂದರಂತೆ ಮೂರು ಸಲ ಬಳಿದ, ಮೂರು ಸಲ ಕಾಯಿಸಿದ.

ಅಕ್ಕ ಮರಳಿದಾಗ ಅವನು ನೆಲದ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದ.

"ಶ್ವಾಸಕೋಶ ಸುಟ್ಟುಹೋಗಿದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು ಆಸ್ಪತ್ರೆಯ ಡಾಕ್ಟರು.

ವ್ಯಾಪಾರಿ ಮೂರ್ತಿ ನೋಡಿ ಹಣೆ ಚಚ್ಚಿಕೊಂಡ. "ಗಣಪನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದಾರಲ್ರೀ! ಹಳೇ ಚಿನ್ನದ ಪಕ್ಕ ಕೆನ್ನೆಯೊಂದೇ ಥಳಥಳ ಅಂತಿದೆ, ಹೊಸದು ಅಂತ ಕುರುಡನಿಗೂ ಗೊತ್ತಾಗುತ್ತೆ. ಕೆರೆದು ಮೊದಲಿನ ಹಾಗೆ ಮಾಡಿ."

ಅಕ್ಕ ಕಿಟಕಿ ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಭೂತಗನ್ನಡಿ ಹಿಡಿದು ಕೆರೆಯಲು ಕೂತಳು. ಲೇಪ ಸುಲಭಕ್ಕೆ ಬಿಡಲಿಲ್ಲ. ಅಷ್ಟು ನಯವಾಗಿ, ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಇಂಥ ಕೈಯನ್ನು ಇಷ್ಟು ವರ್ಷ ಕಟ್ಟಿಹಾಕಿದೆನಲ್ಲ ಎಂದುಕೊಂಡಳು. ಬಿಟ್ಟಿದ್ದರೆ ಎಂದೋ ಸತ್ತಿರುತ್ತಿದ್ದ ಎಂಬುದೂ ಗೊತ್ತಿತ್ತು.

ಸಂಜೆ ತಮ್ಮ ಆಕ್ಸಿಜನ್ ಮಾಸ್ಕ್ ಸರಿಸಿ ಕೇಳಿದ: "ಒಪ್ಪಿದ್ರಾ?"

"ಒಪ್ಪದೆ ಏನು? ಬಾಯಿ ಬಿಟ್ಕೊಂಡು ನೋಡಿದ್ರು. ಆಗಲೇ ತಗೊಂಡು ಹೋದ್ರು."

ತಮ್ಮನ ಮುಖ ಗೆಲುವಾಯಿತು. "ಹೇಳಿರ್ಲಿಲ್ವಾ ನಾನು?" ಎಂದ.

ಮೂರನೆಯ ದಿನ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಅಕ್ಕ, ಅರ್ಧ ಹೊಳೆಯುವ, ಅರ್ಧ ಗೀರುಬಿದ್ದ ಕೆನ್ನೆಯ ಮೂರ್ತಿಯನ್ನು ಎತ್ತಿಕೊಂಡು ಹೋಗಿ ವ್ಯಾಪಾರಿಯ ಮೇಜಿನ ಮೇಲಿಟ್ಟಳು.

"ಇದೇನ್ರೀ, ಅರ್ಧಕ್ಕೇ ಬಿಟ್ಟಿದೀರಿ?"

"ಉಳಿದದ್ದು ನನ್ನ ಕೈಲಾಗಲ್ಲ" ಎಂದು ಹೇಳಿ, ಅವನ ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದಳು.