ಜಲಜನ ಬಟ್ಟಲು

ಮೂರು ಸೇರು ಹಾಲು ಒಂದು ಸೇರಿಗೆ ಇಳಿಯಬೇಕಾದರೆ ಸಣ್ಣ ಉರಿಯ ಮುಂದೆ ಬೆಳಗ್ಗೆಯೆಲ್ಲ ಕೂರಬೇಕು. ಕೆನೆ ಕಟ್ಟಿದಂತೆಲ್ಲ ಪಾತ್ರೆಯ ಅಂಚಿಗೆ ಸರಿಸಬೇಕು. ಅಂಚಿನಲ್ಲಿ ಒಣಗಿ ಅಂಟಿದ್ದನ್ನು ಮತ್ತೆ ಕೆರೆದು ಹಾಲಿಗೇ ಬಿಡಬೇಕು. ಬೇರೇನೂ ಬರದಿದ್ದರೂ ಹೀಗೆ ಕೂತು ಕಾಯುವುದು ನನಗೆ ಚಿಕ್ಕಂದಿನಿಂದ ಬರುತ್ತಿತ್ತು. ಆದರೂ ಅವತ್ತು ನನ್ನ ಪಾತ್ರೆ ಕೆಟ್ಟಿತು. ಕೆಟ್ಟ ಕತೆಯನ್ನೇ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಯಾಕೆ ಅನ್ನುವುದು ಕೊನೆಗೆ ತಿಳಿಯುತ್ತದೆ.

ಅದು ಮೂವತ್ತೆಂಟನೆಯ ಇಸವಿ. ನನ್ನ ಗಂಡ ಮೂರ್ತಪ್ಪನವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸವಾಗಿ ಎರಡು ವರ್ಷವಾಗಿತ್ತು. ಲೈನು ಮನೆಯಲ್ಲಿ ನಮ್ಮ ಸಂಸಾರ. ಹಿಂದೆ ಒಂದು ಬೇವಿನ ಮರ, ಅದರ ಕೆಳಗೆ ಒಂದು ಹಸು ಕಟ್ಟುವಷ್ಟು ಜಾಗ. ಸೆಗಣಿ ಬಾಚಿ, ಹುಲ್ಲು ಹೊತ್ತು ಬೆಳೆದವಳಿಗೆ ಎರಡು ಪಾತ್ರೆ ತೊಳೆದರೆ ಮುಗಿಯುವ ದಿನ ಎಷ್ಟು ಉದ್ದ ಅನ್ನುವುದು ಬೇರೆಯವರಿಗೆ ತಿಳಿಯುವುದಿಲ್ಲ. ಬೇವಿನ ಬುಡವನ್ನು ನೋಡಿದಾಗಲೆಲ್ಲ ನನಗೆ ನವುಲೆಯ ಅತ್ತೆ ಮನೆಯ ಕೊಟ್ಟಿಗೆ, ಅದರಲ್ಲಿ ಕೆಂಪಿ ನೆನಪಾಗುತ್ತಿದ್ದಳು. ಕರುವಾಗಿದ್ದಾಗ ಅವಳಿಗೆ ಹುಲ್ಲು ತಿನ್ನಲು ಕಲಿಸಿದವಳು ನಾನೇ.

ಹಬ್ಬಕ್ಕೆ ಹೋದಾಗ ಧೈರ್ಯ ಮಾಡಿ ಅತ್ತೆಯ ಹತ್ತಿರ ಕೇಳಿದೆ. ಅತ್ತೆಯ ಹೆಸರು ಹುಚ್ಚಮ್ಮ. ಹೆಸರು ಕೇಳಿ ಮೋಸ ಹೋದವರು ನವುಲೆಯಲ್ಲಿ ಬಹಳ ಜನ.

"ಅತ್ತೆ, ಕೆಂಪೀನ ನಂಗೆ ಕೊಡ್ತೀರಾ? ಭದ್ರಾವತಿಗೆ ಹೊಡ್ಕೊಂಡು ಹೋಗ್ತೀನಿ."

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಉತ್ತರ ಕೊಟ್ಟವಳು ನನ್ನ ದೊಡ್ಡ ವಾರಗಿತ್ತಿ ಪುಷ್ಪಮ್ಮ. "ಆ ಹೊಗೇಲಿ ಹಸು ಕಟ್ತೀಯಾ? ಹಾಲಿನ ಬದ್ಲು ಡಾಂಬರು ಕರೀತದೆ ಮಾರಾಯ್ತಿ!"

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. "ಕೆಂಪಿ ಈಗ ಗಬ್ಬ. ಕರು ಹಾಕ್ಲಿ. ಮೀಸಲು ನೀನು ಬಂದು ಮಾಡು. ಸರಿಯಾಗಿ ಬಂದ್ರೆ ಕರು ಸಮೇತ ಹೊಡ್ಕೊಂಡು ಹೋಗು. ಕೆಟ್ರೆ ಈ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರ್ದು."

ಮೀಸಲು ಅಂದರೆ ನಮ್ಮ ಮನೆಯಲ್ಲಿ ಸಣ್ಣ ಕೆಲಸವಲ್ಲ. ಹಸು ಕರು ಹಾಕಿದ ಹನ್ನೆರಡನೆಯ ದಿನ ಅದರ ಹಾಲನ್ನು ಕಾಯಿಸಿ ಇಳಿಸಿ, ಬೆಲ್ಲ, ಏಲಕ್ಕಿ, ಹಣ್ಣು ಬೆರೆಸಿ ಮನೆದೇವರಿಗೆ ಎಡೆ ಇಡಬೇಕು. ಅಲ್ಲಿಯವರೆಗೆ ಆ ಹಸುವಿನ ಹಾಲಿನ ಒಂದು ಹನಿಯೂ ಮನೆಯವರ ನಾಲಿಗೆಗೆ ತಾಕಬಾರದು. ಮಾಡುವವಳು ಸಿಹಿ ನೋಡುವಂತಿಲ್ಲ, ಸೌಟು ನೆಕ್ಕುವಂತಿಲ್ಲ. ಪುಷ್ಪಮ್ಮನಂತೂ ಪಾತ್ರೆಯ ಮೇಲೆ ಬಗ್ಗಿ ಮೂಸಿದರೂ ಗದರುತ್ತಿದ್ದಳು. ಕಣ್ಣಲ್ಲಿ ಅಡಿಗೆ ಮಾಡಬೇಕು, ನಾಲಿಗೆಯಲ್ಲಲ್ಲ.

ಮುಂಗಾರಿಗೆ ಇನ್ನೂ ಎಂಟು ಹತ್ತು ದಿನ ಇರುವಾಗ ಕೆಂಪಿ ಹೆಣ್ಣು ಕರು ಹಾಕಿದ ಸುದ್ದಿ ಬಂತು. ಹನ್ನೊಂದನೆಯ ದಿನ ನಾನು ರೈಲು ಹತ್ತಿದೆ. ಚೀಲದಲ್ಲಿ ಎರಡು ಅನಾನಸ್ ಹಣ್ಣು ಇದ್ದವು.

ಆ ಮನೆಯಲ್ಲಿ ಮೀಸಲಿಗೆ ಹಾಕುತ್ತಿದ್ದದ್ದು ಬಾಳೆಹಣ್ಣು. ಬಾಳೆಹಣ್ಣು ಹಾಕಿದ್ದರೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಆದರೆ ನಾನು ಭದ್ರಾವತಿಯವಳು ಅನ್ನಿಸಿಕೊಳ್ಳಬೇಕಿತ್ತಲ್ಲ! ನಮ್ಮ ಲೈನಿನಲ್ಲಿ ಸೇಲಂ ಕಡೆಯ ಉಮಾಮಹೇಶ್ವರಿ ಅಂತ ಒಬ್ಬಳಿದ್ದಳು. ಅವಳು ಒಂದು ದಿನ ಆರಿದ ಕೆನೆಹಾಲಿಗೆ ಅನಾನಸನ್ನು ಸಣ್ಣಗೆ ಹೆಚ್ಚಿ ಹಾಕಿ, ಕಲಸಿದ ಕೂಡಲೇ ನನ್ನ ಕೈಗೆ ಕೊಟ್ಟಿದ್ದಳು. ಅಂಥ ಪರಿಮಳವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನವುಲೆಯವರು ಬಾಯಿ ಚಪ್ಪರಿಸಿ ನನ್ನ ಮುಖ ನೋಡಬೇಕು ಅನ್ನುವುದೇ ನನ್ನ ಆಸೆ.

ಹಣ್ಣನ್ನು ಕಂಡು ಪುಷ್ಪಮ್ಮ, "ಇದೇನೇ ಇದು, ಮುಳ್ಳುಹಂದಿ ಮರಿ?" ಅಂದಳು.

"ತಿಂದ ಮೇಲೆ ಎರಡನೇ ಸಲ ಕೇಳ್ತೀಯಲ್ಲ, ಆಗ ಹೇಳ್ತೀನಿ" ಅಂದೆ. ಅಷ್ಟು ಜಂಬ.

ಹನ್ನೆರಡನೆಯ ದಿನ ಬೆಳಗ್ಗೆ ಹಾಲು ಒಳ್ಳೆಯದಾಗಿ ಇಳಿಯಿತು. ದಂತದ ಬಣ್ಣ ಬಂತು. ಕೆಳಗಿಳಿಸಿ, ಪೂರ್ತಿ ಆರಿಸಿ, ಸೋಸಿದ ಬೆಲ್ಲದ ಪಾಕವನ್ನೂ ಆರಿಸಿ ಬೆರೆಸಿದೆ. ಒಂದು ಹಣ್ಣನ್ನು ಹೆಚ್ಚಿ ಹಾಕಿ ಮುಚ್ಚಿಟ್ಟೆ. ಅಕ್ಕಪಕ್ಕದ ನೆಂಟರೂ ಬಂದು ಕೂತಿದ್ದರು. ದೀಪ ಹಚ್ಚಬೇಕಾದವರು ದೊಡ್ಡ ಭಾವ ಕರಿಯಣ್ಣನವರು. ಅವರು ನೇಗಿಲ ಗುಳ ತಟ್ಟಿಸಲು ರಾಗಿಗುಡ್ಡದ ಕಮ್ಮಾರನ ಹತ್ತಿರ ಹೋದವರು ಬರಲೇ ಇಲ್ಲ. ಹೊತ್ತು ನೆತ್ತಿಗೆ ಬಂತು.

ಭಾವನ ಚಪ್ಪಲಿ ಸದ್ದು ಕೇಳಿದ ಮೇಲೆ ಎಡೆಗೆ ಬಡಿಸಲೆಂದು ಮುಚ್ಚಳ ತೆಗೆದೆ. ಮೇಲೆ ತಿಳಿನೀರು ನಿಂತಿತ್ತು. ಕೆಳಗೆ ಹಾಲು ನುಚ್ಚಕ್ಕಿಯ ಹಾಗೆ ಒಡೆದಿತ್ತು. ಬೆಳಗಿನ ಪರಿಮಳ ಹೋಗಿ ಬೇರೆ ಏನೋ ವಾಸನೆ. ನಾಲಿಗೆಗೆ ಹಾಕಿ ನೋಡುವ ಹಾಗಿಲ್ಲ. ಅಡಿಗೆಮನೆಯಲ್ಲಿ ನಾನೊಬ್ಬಳೇ. ಸೌಟಿನಿಂದ ಜೋರಾಗಿ ಕಡೆದರೆ ನೋಡುವವರಿಗೆ ಒಂದು ಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೇವಿನ ಮರ, ಅದರ ಕೆಳಗೆ ಕೆಂಪಿ, ಪಕ್ಕದಲ್ಲಿ ಕರು, ಎಲ್ಲ ಕಣ್ಣ ಮುಂದೆ ಬಂದವು. ಸೌಟು ಕೈಗೆ ತೆಗೆದುಕೊಂಡೆ. ಮತ್ತೆ ಕೆಳಗಿಟ್ಟೆ.

ನಡುಮನೆಗೆ ಬಂದು ಎಲ್ಲರ ಎದುರಿಗೇ ಹೇಳಿದೆ. "ಅತ್ತೆ, ಮೀಸಲು ಕೆಟ್ಟಿದೆ. ಎಡೆ ಇಡಬೇಡಿ."

ಪುಷ್ಪಮ್ಮ ಒಳಗೆ ಹೋಗಿ ನೋಡಿಕೊಂಡು ಬಂದು, "ನಾನು ಹೇಳ್ಲಿಲ್ವಾ? ಮುಳ್ಳುಹಂದಿ ಹಾಲು ಕುಡಿದುಬಿಟ್ಟಿದೆ" ಅಂದಳು. ಒಂದಿಬ್ಬರು ನೆಂಟರು ಸೆರಗು ಬಾಯಿಗೆ ಇಟ್ಟುಕೊಂಡರು.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಈಗೇನು ಮಾಡ್ತೀ?"

"ಸಂಜೆ ಹಾಲು ಇದೆ. ದೀಪ ಹಚ್ಚೋ ಹೊತ್ತಿಗೆ ಮತ್ತೆ ಮಾಡ್ತೀನಿ."

"ಬಾಳೆಹಣ್ಣು ಹಾಕಿ ಮಾಡು. ಗೊನೆ ಅಟ್ಟದ ಮೇಲಿದೆ" ಅಂದರು ಭಾವ. ಪಾಪ, ಅವರಿಗೆ ಹಸಿವಾಗಿತ್ತು.

"ಬೇಡ ಭಾವ. ಕೆಟ್ಟಿದ್ದು ಯಾತಕ್ಕೆ ಅಂತ ತಿಳೀದೆ ಬಿಟ್ರೆ ನಂಗೆ ನಿದ್ದೆ ಬರಲ್ಲ."

"ಸಂಜೇದೂ ಕೆಟ್ರೆ?" ಅಂದರು ಅತ್ತೆ.

"ಕೆಟ್ರೆ ನೀವು ಹೇಳಿದ ಮಾತೇ ಮಾತು."

ಕೆಟ್ಟ ಹಾಲನ್ನು ಯಾರೂ ತುಳಿಯದ ಹಾಗೆ ತೆಂಗಿನ ಬುಡಕ್ಕೆ ಸುರಿದು ಬಂದೆ. ಒಲೆಯ ಮುಂದೆ ಕೂತೆ. ನಾಲಿಗೆ ಇಲ್ಲದೆ ಕಾರಣ ಹುಡುಕುವುದು ಹೇಗೆ? ತಲೆಯ ಮೇಲೆ ನೆಲುವಿನಲ್ಲಿ ಮಡಕೆಯೊಂದು ತೂಗುತ್ತಿತ್ತು. ಎಮ್ಮೆ ಹಾಲು. ಕೊಟ್ಟಿಗೆಯ ಮುದಿ ಎಮ್ಮೆಯದು, ದಿನವೂ ಎಲ್ಲರೂ ಕುಡಿಯುವಂಥದು. ಅದಕ್ಕೆ ಯಾವ ಮೀಸಲು? ಅದನ್ನು ಕುಡಿಯಬಹುದು, ಚೆಲ್ಲಬಹುದು, ನೆಕ್ಕಬಹುದು!

ಮಡಕೆ ಇಳಿಸಿ ಹಾಲನ್ನು ಗಟ್ಟಿಯಾಗುವವರೆಗೆ ಕಾಯಿಸಿ ಮೂರು ಬಟ್ಟಲಿಗೆ ಹಾಕಿದೆ. ಎರಡನೆಯ ಹಣ್ಣಿನಿಂದ ಒಂದು ಹೋಳು ಮಾತ್ರ ಕೊಯ್ದು, ಒಂದಿಷ್ಟನ್ನು ಹಸಿಯಾಗಿಟ್ಟು ಉಳಿದದ್ದನ್ನು ಬೆಲ್ಲದಲ್ಲಿ ಬೇಯಿಸಿದೆ; ಕೆಟ್ಟದ್ದು ಬಿಸಿಗೋ, ಹಸಿ ಹಣ್ಣಿಗೋ ಅಂತ ತಿಳಿಯಬೇಕಿತ್ತು. ಹಾಲು ಬಿಸಿಯಿರುವಾಗಲೇ ಒಂದು ಬಟ್ಟಲಿಗೆ ಬೇಯಿಸಿದ ಹಣ್ಣು ಹಾಕಿದೆ. ನೋಡನೋಡುತ್ತ ಒಡೆಯಿತು. ಅದನ್ನು ಪಕ್ಕಕ್ಕೆ ಸರಿಸಿದೆ. ಉಳಿದೆರಡನ್ನು ತಣ್ಣಗಾಗಲು ಬಿಟ್ಟು, ಒಂದಕ್ಕೆ ಹಸಿ ಹಣ್ಣು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಹಣ್ಣು ಹಾಕಿದೆ. ಎರಡನ್ನೂ ಆಗಲೇ ಚೀಪಿ ನೋಡಿದೆ. ಎರಡೂ ಸಿಹಿ. ಉಮಾಮಹೇಶ್ವರಿಯ ಮನೆಯಲ್ಲಿ ತಿಂದ ರುಚಿಯೇ. ಆಮೇಲೆ ಸುಮ್ಮನೆ ಕೂತೆ. ಬಾವಿಕಟ್ಟೆಯ ನೆರಳು ಒಗೆಯುವ ಕಲ್ಲಿನವರೆಗೆ ಬಂತು. ನಾನು ಎದ್ದಿಲ್ಲ, ಊಟ ಮಾಡಿಲ್ಲ.

ಪುಷ್ಪಮ್ಮನಿಗೆ ತಡೆಯಲಾಗಲಿಲ್ಲ. ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. "ಏನೇ ಜಲಜಾ, ಬಟ್ಟಲಿಗೆ ಪೂಜೆ ಮಾಡ್ತಿದೀಯಾ?"

"ಇದನ್ನ ತಿಂದು ನೋಡಕ್ಕ." ಹಸಿ ಹಣ್ಣಿನ ಬಟ್ಟಲನ್ನು ಕೊಟ್ಟೆ.

ಬಾಯಿಗಿಟ್ಟವಳು ಹಿತ್ತಿಲಿಗೆ ಓಡಿದಳು. "ಥೂ! ಹಾಗಲಕಾಯಿ ಅರೆದು ಹಾಕಿದೀಯೇನೆ?"

ನಾನೂ ತಿಂದು ನೋಡಿದೆ. ಕಹಿಯೆಂದರೆ ಕಹಿ. ಕಲಸಿದ ಕೂಡಲೇ ತಿಂದರೆ ಸಿಹಿ, ಬಹಳ ಹೊತ್ತು ಕೂರಿಸಿದರೆ ಕಹಿ. ಬೇಯಿಸಿದ ಹಣ್ಣಿನ ಬಟ್ಟಲು ಅಷ್ಟೇ ಹೊತ್ತು ಕೂತಿದ್ದರೂ ಗಟ್ಟಿಯಾಗಿ, ಸಿಹಿಯಾಗಿ, ಘಮಘಮ ಅನ್ನುತ್ತಿತ್ತು. ಪುಷ್ಪಮ್ಮ ಅದನ್ನು ರುಚಿ ನೋಡಲು ತೆಗೆದುಕೊಂಡು ತಳ ಕಾಣುವವರೆಗೆ ಕೆಳಗಿಡಲಿಲ್ಲ. ಆಮೇಲೆ ತಾನೇ ಎದ್ದು ಕೆಂಪಿಯ ಹಾಲು ಕರೆಯಲು ತಂಬಿಗೆ ತೊಳೆದು ತಂದಳು.

ಸಂಜೆಯ ಹಾಲು ಎರಡೇ ಸೇರು. ಅಗಲ ಪಾತ್ರೆಯಲ್ಲಿ ಬೇಗ ಇಳಿಸಿದೆ, ತಣ್ಣೀರಿನಲ್ಲಿಟ್ಟು ಆರಿಸಿದೆ. ಹಣ್ಣನ್ನು ಬೆಲ್ಲದಲ್ಲಿ ನೀರು ಬತ್ತುವವರೆಗೆ ಬೇಯಿಸಿದೆ, ಅದನ್ನೂ ಆರಿಸಿದೆ. ಪಾತ್ರೆಯ ಹೊರಗೆ ಕೈ ಇಟ್ಟು ತಣ್ಣಗಾಗಿದೆ ಅಂತ ಮೂರು ಸಲ ನೋಡಿ ಆಮೇಲೆ ಬೆರೆಸಿದೆ. ಈ ಸಲ ನಾಲಿಗೆಗೆ ತಾಕಿಸದಿದ್ದರೂ ನನಗೆ ಅದರ ರುಚಿ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಎಡೆಯಾಯಿತು. ಒಬ್ಬೊಬ್ಬರ ಎಲೆಗೆ ಅರ್ಧ ಸೌಟು ಬಂತು. ಭಾವ ಎಲೆ ಒರೆಸಿ ಬೆರಳು ಚೀಪಿ, "ಇನ್ನೊಂದು ಚೂರು ಇದ್ಯಾ?" ಅಂದರು. ಇರಲಿಲ್ಲ. ಪುಷ್ಪಮ್ಮ ನನ್ನ ಕಡೆ ತಿರುಗಿ, "ಆ ಮುಳ್ಳುಹಂದಿ ಹೆಸ್ರೇನೇ?" ಅಂದಳು. ಎರಡನೆಯ ಸಲ ಕೇಳಿದಳಲ್ಲ, ಹೇಳಿದೆ.

ಅತ್ತೆ ಎಲ್ಲರಿಗಿಂತ ನಿಧಾನವಾಗಿ ತಿಂದರು. ಕೈ ತೊಳೆದು ಬಂದು ಕಂಬಕ್ಕೆ ಒರಗಿ ಕೂತರು.

"ನಲವತ್ತು ವರ್ಷ ಮೀಸಲು ಮಾಡಿದೀನಿ. ಎರಡು ಸಲ ಸೀದಿತ್ತು. ಕಡೆದು ಮರೆಸಿ ಎಡೆ ಇಟ್ಟೆ. ಯಾರಿಗೂ ಹೇಳ್ಲಿಲ್ಲ. ಎಮ್ಮೆ ಹಾಲಲ್ಲಿ ಮೊದಲು ನೋಡ್ಕೋಬಹುದು ಅಂತ ನಂಗೂ ಹೊಳೀಲಿಲ್ಲ, ನಮ್ಮತ್ತೇಗೂ ಹೊಳೀಲಿಲ್ಲ." ಆಮೇಲೆ ಭಾವನಿಗೆ, "ಕರಿಯಣ್ಣ, ಕೆಂಪಿಗೆ ಹೊಸ ಹಗ್ಗ ಹಾಕು. ದೂರ ನಡೀಬೇಕು" ಅಂದರು.

ಮುಂದಿನ ಭಾನುವಾರ ನನ್ನ ಗಂಡ ಬಂದರು. ಕೆಂಪಿಯ ಹಗ್ಗ ಅವರ ಕೈಯಲ್ಲಿ, ಕರುವಿನ ಹಗ್ಗ ನನ್ನ ಕೈಯಲ್ಲಿ. ಮುಂಜಾನೆ ಹೊರಟವರು ಅಲ್ಲಲ್ಲಿ ಕೂತು, ಕರುವಿಗೆ ಹಾಲೂಡಿಸಿ, ಹೊತ್ತಿಳಿಯುವಾಗ ಲೈನಿಗೆ ಬಂದೆವು. ಕಾರ್ಖಾನೆಯ ಸೀಟಿ ಕೂಗಿದ್ದಕ್ಕೆ ಕೆಂಪಿ ಕಿವಿ ನೆಟ್ಟಗೆ ಮಾಡಿ ನಿಂತಳು. ಮರುದಿನದಿಂದ ಆ ಸೀಟಿಗೇ ಕೆಚ್ಚಲಿಗೆ ಹಾಲು ಬಿಡಲು ಕಲಿತಳು. ಡಾಂಬರು ಮಾತ್ರ ಕರೆಯಲಿಲ್ಲ.

ಮುಂದೆ ಬಹಳ ವರ್ಷ ಕಳೆದು, ತಲೆ ನೆರೆತ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಈಚೆಗೆ ಪುಷ್ಪಮ್ಮನ ಮೊಮ್ಮಗನ ಹೆಂಡತಿ ಅಡಿಗೆ ಬರೆದುಕೊಡಿ ಅಂತ ಕೇಳಿದ್ದರಿಂದ ಇಷ್ಟು ಬರೆದೆ. ಅವರ ಮನೆಯಲ್ಲಿ ಈಗಲೂ ಹಸು ಕರು ಹಾಕಿದರೆ ಮೀಸಲಿಗೆ ಮುಂಚೆ ಎಮ್ಮೆ ಹಾಲಿನಲ್ಲಿ ಒಂದು ಬಟ್ಟಲು ಮಾಡಿ, ಕೂರಿಸಿ, ತಿಂದು ನೋಡುತ್ತಾರೆ. ಬಾಳೆಹಣ್ಣಿನ ಮೀಸಲಾದರೂ ಸರಿಯೇ. ನನ್ನನ್ನು ಕಾಣದ ಮಕ್ಕಳೂ ಅದಕ್ಕಾಗಿ ಒಲೆಯ ಸುತ್ತ ಕಾದು ಕೂತು, "ಜಲಜನ ಬಟ್ಟಲು ಆಯ್ತಾ?" ಅಂತ ಕೇಳುತ್ತವಂತೆ.