ಎಡಗಡೆಯ ಬಳ್ಳಿ

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಕಂಪ್ಯೂಟರ್ ಮುಂದೆ ಕೂತ ಶಕೀಲಾಗೆ ತನ್ನ ಫೈಲುಗಳು ಒಂದೂ ಕಾಣಲಿಲ್ಲ. ಮಾಸ್ಕ್ ರಸ್ತೆಯ ಹಿಂದಿನ ಗಲ್ಲಿಯ ತನ್ನ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮದುವೆ ಕಾರ್ಡುಗಳಿಗೆ ಹೂವಿನ ಚಿತ್ತಾರ ಬಿಡಿಸಿ, ಶಿವಾಜಿನಗರದ ಪ್ರೆಸ್ಸಿಗೆ ಕಳಿಸುವುದು ಅವಳ ಕೆಲಸ.

"ಯಾರ್ರೀ ಇದನ್ನ ಮುಟ್ಟಿದ್ದು? ಎಲ್ಲಾ ಅಳಿಸಿಬಿಟ್ಟಿದ್ದಾರೆ."

ಗಂಡ ವಾಜಿದ್ ಹಿಂದೆ ಬಂದು ನಿಂತ. ಐಕಾನುಗಳು ಎಂದಿನಂತೆ ಪರದೆಯ ಎಡಬದಿಯಲ್ಲಿ ಸಾಲಾಗಿದ್ದವು. ಅವನು ಅವಳ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಒಂದೊಂದಾಗಿ ಎಲ್ಲ ಕಂಡವು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಎರಡೂ ಕಣ್ಣಿಗೆ ಎಡಗಡೆಯ ನೋಟ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ಕೈಕಾಲು ನೆಟ್ಟಗಿದೆಯಲ್ಲ ಎಂದು ಅವಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆವತ್ತು ಊಟ ಸೇರಲಿಲ್ಲ.

ಭಾನುವಾರ ಕಾಕ್ಸ್‌ಟೌನಿನಿಂದ ಶಕೀಲಾಳ ಅಕ್ಕನ ಮಗಳು ಸಾಮಿಯಾ ಬಂದಳು. ಐಕಾನುಗಳನ್ನೂ ಕೆಳಗಿನ ಪಟ್ಟಿಯನ್ನೂ ಬಲಕ್ಕೆ ಸರಿಸಿದಳು. ಎಲ್ಲವನ್ನೂ ದೊಡ್ಡದು ಮಾಡಿ, ಹಿನ್ನೆಲೆಗೆ ಕಡುಗಪ್ಪು, ಅಕ್ಷರಕ್ಕೆ ಹಳದಿ ಹಾಕಿದಳು.

"ಈಗ ಎಲ್ಲಾ ಕಾಣತ್ತೆ ಖಾಲಾ."

ಕಾಣುತ್ತಿತ್ತು, ನಿಜ. ಆದರೂ ಶಕೀಲಾ ದಿನದಿನಕ್ಕೆ ಅದರ ಮುಂದೆ ಕೂರುವುದು ಕಡಿಮೆಯಾಯಿತು. ವಾಜಿದ್ ಕೇಳಿದಾಗ, "ಅದು ರೋಗಿ ಕಂಪ್ಯೂಟರ್ ಆಗಿದೆ ರೀ. ಅದನ್ನ ನೋಡಿದ್ರೆ ಹೂ ಬಿಡಿಸೋಕೆ ಮನಸ್ಸೇ ಬರಲ್ಲ" ಎಂದಳು.

"ಮತ್ತೆ ಮೊದಲಿನ ಥರ ಮಾಡಿಸ್ಲಾ?"

"ಮೊದಲಿನ ಥರ ಮಾಡಿದ್ರೆ ಕಾಣಲ್ವಲ್ಲ."

ಒಪ್ಪಿಕೊಂಡಿದ್ದ ಒಂದು ಕಾರ್ಡನ್ನಂತೂ ಮುಗಿಸಲೇಬೇಕಿತ್ತು. ಹೊಸ ತಿಪ್ಪಸಂದ್ರದ ಮದುವೆಯದು. ಹೇಗೋ ಮುಗಿಸಿ ಕಳಿಸಿದಳು. ಮರುದಿನ ಪ್ರೆಸ್ಸಿನ ರಿಜ್ವಾನ್ ಫೋನ್ ಮಾಡಿದ.

"ಆಪಾ, ಬಲಗಡೆ ಮಾತ್ರ ಹೂ ಬಂದಿದೆ. ಎಡಗಡೆ ಖಾಲಿ. ಬೇಕಂತ ಬಿಟ್ರಾ?"

ಹೂಂ ಎಂದುಬಿಡಬಹುದಿತ್ತು. ಶಕೀಲಾ, "ಇಲ್ಲಪ್ಪ. ನಂಗೆ ಆ ಕಡೆ ಕಾಣಲ್ಲ ಈಗ" ಎಂದಳು. ಮನೆಯ ಹೊರಗಿನವರಿಗೆ ಅವಳು ಅದನ್ನು ಹೇಳಿದ್ದು ಅದೇ ಮೊದಲು.

"ಅಯ್ಯೋ, ಗೊತ್ತಿರ್ಲಿಲ್ಲ ಆಪಾ. ನಿಧಾನವಾಗಿ ಮಾಡಿ ಕಳ್ಸಿ. ಮದುವೆ ಮನೆಯವ್ರಿಗೆ ನಾನು ಹೇಳ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ಆಸ್ಪತ್ರೆಯ ಥೆರಪಿ ಹುಡುಗಿ ಹೇಳಿದ ಮಾತು ನೆನಪಾಯಿತು. ಓದುವಾಗ ಪುಟದ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿಕೊಳ್ಳಿ, ಅದು ಕಾಣುವ ತನಕ ತಲೆ ತಿರುಗಿಸಿ ಅಂದಿದ್ದಳು. ಪರದೆಗೆ ಟೇಪು ಅಂಟಿಸಲು ಶಕೀಲಾಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಊರವರ ಕಾರ್ಡಿಗೆಲ್ಲ ಅಂಚು ಬಿಡಿಸಿದವಳು ತನಗೊಂದು ಬಿಡಿಸಿಕೊಳ್ಳಬಾರದೇ ಅನ್ನಿಸಿತು.

ಕಪ್ಪು ಹಿನ್ನೆಲೆ ತೆಗೆದು ತಿಳಿ ಪಿಸ್ತಾ ಬಣ್ಣ ಹಾಕಿದಳು. ಅದರ ಎಡ ತುದಿಗೆ, ಮೇಲಿನಿಂದ ಕೆಳಗಿನವರೆಗೆ, ದಟ್ಟ ಕೆಂಪಿನ ಹೂಬಳ್ಳಿ ಬಿಡಿಸಿದಳು. ತಲೆ ತಿರುಗಿಸುವುದು, ಒಂದೆಲೆ ಬಿಡಿಸುವುದು, ಮತ್ತೆ ತಿರುಗಿಸುವುದು. ಕತ್ತು ನೋಯುತ್ತಿತ್ತು. ಐಕಾನುಗಳನ್ನು ಬಲಗಡೆಯೇ ಬಿಟ್ಟು ಸ್ವಲ್ಪ ಚಿಕ್ಕದು ಮಾಡಿದಳು. ಕೆಲಸದ ವಿಂಡೋ ತೆರೆದಾಗ ಬಳ್ಳಿ ಮುಚ್ಚಿಹೋಗದಂತೆ ವಿಂಡೋದ ಎಡ ಅಂಚನ್ನು ಒಳಕ್ಕೆ ಎಳೆದಿಟ್ಟಳು. ಕೆಂಪು ಕಣ್ಣಿಗೆ ಬಿದ್ದರೆ ಪರದೆ ಪೂರ್ತಿ ನೋಡಿದಂತೆ.

ತಿಪ್ಪಸಂದ್ರದ ಕಾರ್ಡಿಗೆ ಎರಡೂ ಕಡೆ ಹೂ ಬಂತು.

ಮುಂದಿನ ಸಲ ಬಂದ ಸಾಮಿಯಾಳ ಮುಖ ಸ್ವಲ್ಪ ಚಿಕ್ಕದಾಯಿತು. "ನಾನು ಮಾಡಿದ್ದೆಲ್ಲಾ ತೆಗೆದ್ಬಿಟ್ರಾ ಖಾಲಾ?"

"ಬಲಗಡೆ ಇಟ್ಟಿದ್ದು ನೀನೇ ಅಲ್ವಾ. ಅದು ಹಾಗೇ ಇದೆ ನೋಡು."

ಸಾಮಿಯಾ ಕುರ್ಚಿ ಎಳೆದುಕೊಂಡು ಕೂತು ಬಳ್ಳಿಯನ್ನು ಬಹಳ ಹೊತ್ತು ನೋಡಿದಳು. "ನಂಗೂ ಒಂದು ಮಾಡ್ಕೊಡಿ."

"ನಿಂಗ್ಯಾಕೆ? ನಿಂಗೆ ಎರಡೂ ಕಡೆ ಕಾಣತ್ತಲ್ಲ."

"ಚೆನ್ನಾಗಿದೆ, ಅದಕ್ಕೆ."

ಶಕೀಲಾಗೆ ಒಳಗೊಳಗೇ ಹಿಗ್ಗಾಯಿತು. ತೋರಿಸಿಕೊಳ್ಳದೆ ಮೌಸ್ ಕೈಗೆ ತೆಗೆದುಕೊಂಡು, "ಯಾವ ಬಣ್ಣ ಬೇಕು, ಹೇಳು" ಎಂದಳು.