ಶಿರಸ್ತೇದಾರರು ಫಾರ್ವರ್ಡ್ ಮಾಡಿದ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ನನಗಿನ್ನೂ ಸಿಟ್ಟು ಇಳಿದಿಲ್ಲ. ನನ್ನ ಹೆಸರು ಅಲಮೇಲು. ಶ್ರೀಗಂಧದ ಕಾವಲ್ ಕಡೆಯ ಒಂದು ಬಡಾವಣೆಯಲ್ಲಿ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಬಿ.ಪಿ., ಶುಗರ್ ವಿಚಾರಿಸುವುದು ನನ್ನ ಕೆಲಸ. ಜನರ ಮೊಬೈಲಿಗೆ ಹಿಡಿದ ಜ್ವರಕ್ಕೆ ಮಾತ್ರ ನನ್ನ ಚೀಲದಲ್ಲಿ ಮಾತ್ರೆ ಇಲ್ಲ.

ನಮ್ಮಿಂದ ಎರಡು ಕಿಲೋಮೀಟರ್ ದೂರದಲ್ಲಿ ಒಂದು ಮಂಗಳವಾರ ಗಲಾಟೆಯಾಯಿತು. ಬಸ್ಸಿಗೆ ಕಲ್ಲು ಬಿತ್ತು, ಟೈರು ಸುಟ್ಟರು, ಅಂಗಡಿ ಬಾಗಿಲು ಹಾಕಿಸಿದರು. ಬುಧವಾರ ಪೊಲೀಸರು ಬಂದು ನಿಂತ ಮೇಲೆ ಅಲ್ಲಿ ಎಲ್ಲ ಶಾಂತವಾಯಿತು. ಆದರೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಶುರುವಾದದ್ದೇ ಬುಧವಾರ.

ಗುರುವಾರ ಬೆಳಿಗ್ಗೆ ಸೀತಾ ಆಂಟಿ ಫೋನ್ ಮಾಡಿದರು.

"ಅಲಮೇಲು, ಬೇಗ ಬಾಮ್ಮ. ಇವರಿಗೆ ಕಾಲು ಊದ್ಕೊಂಡಿದೆ. ಉಸಿರಾಡೋಕೂ ಕಷ್ಟ ಪಡ್ತಾ ಇದಾರೆ."

ಅವರ ಯಜಮಾನರು ಗೋಪೀನಾಥ ಮೇಷ್ಟ್ರು. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಗಲಾಟೆಯಿಂದ ಮಂಗಳವಾರದ್ದು ತಪ್ಪಿಹೋಗಿತ್ತು. ಗುರುವಾರದ್ದೂ ತಪ್ಪಿದರೆ ಜೀವಕ್ಕೇ ಸಂಚಕಾರ.

"ಮುತ್ತುರಾಜ ಬರಲಿಲ್ವಾ ಆಂಟಿ?"

ಮುತ್ತುರಾಜ ಆಟೋ ಡ್ರೈವರ್. ಎರಡು ವರ್ಷದಿಂದ ಮೇಷ್ಟ್ರನ್ನು ಕೈಹಿಡಿದು ಇಳಿಸಿ ಹತ್ತಿಸುವವನು ಅವನೇ.

"ಬರಲ್ಲ ಅಂದ ಕಣೇ. ಅವನ ಫೋಟೋ ಎಲ್ಲಾ ಕಡೆ ಹೋಗಿದೆಯಂತೆ. ಆಟೋ ಹೊರಗೆ ತೆಗೆದ್ರೆ ಹೊಡೀತಾರೆ ಅಂತ ಹೆದರ್ಕೊಂಡಿದಾನೆ. ಆಂಬುಲೆನ್ಸ್ ಕೇಳಿದ್ರೆ ತುಂಬಾ ಹೊತ್ತು ಕಾಯ್ಬೇಕು ಅಂತಾರೆ. ಅದು ಬಂದ್ರೂ ಒಳಗೆ ಹೇಗೆ ಬರತ್ತೆ? ಬಡಾವಣೆ ಗೇಟಿಗೆ ಅಧ್ಯಕ್ಷರು ಬೀಗ ಹಾಕ್ಸಿದಾರೆ!"

ನಾನು ಗ್ರೂಪ್ ತೆರೆದು ನೋಡಿದೆ. ಮುತ್ತುರಾಜ ಎರಡೂ ಕೈಯಲ್ಲಿ ಕಲ್ಲು ಹಿಡಿದು ನಿಂತ ಫೋಟೋ. ಹಿಂದೆ ಅವನ ಆಟೋ, ನಂಬರ್ ಸ್ಪಷ್ಟವಾಗಿದೆ. ಕೆಳಗೆ ಹೀಗಿತ್ತು: 'ಎಚ್ಚರ! ಗಲಾಟೆಗೆ ಆಟೋದಲ್ಲಿ ಕಲ್ಲು ಸಾಗಿಸುತ್ತಿದ್ದಾರೆ. ಇವನು ಕಂಡರೆ ಬಿಡಬೇಡಿ.' ಅದರ ಕೆಳಗೆ ಇನ್ನೊಂದು ಸಾಲು: 'ಬಂದಂತೆ ಕಳಿಸಲಾಗಿದೆ.'

ಕಳಿಸಿದವರು ಬಸವಲಿಂಗಪ್ಪನವರು. ನಮ್ಮ ಬಡಾವಣೆ ಸಂಘದ ಅಧ್ಯಕ್ಷರು, ನಿವೃತ್ತ ಶಿರಸ್ತೇದಾರರು. ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಸಹಿ, ಸೀಲು ಇಲ್ಲದ ಒಂದು ಅರ್ಜಿಯನ್ನೂ ಮುಂದಕ್ಕೆ ಬಿಟ್ಟವರಲ್ಲ. ಜೆರಾಕ್ಸ್ ಸೊಟ್ಟಗಿದ್ದರೂ ವಾಪಸ್ ಕಳಿಸುತ್ತಿದ್ದರು ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಥವರ ಬೆರಳು ಮೊಬೈಲ್ ಮುಟ್ಟಿದ್ದೇ ತಡ, ಸಹಿಯೂ ಬೇಡ, ಸೀಲೂ ಬೇಡ!

ಅವರ ಮನೆಗೆ ಹೋದೆ. ಗೇಟಿನ ಕೀ ಅವರ ಜುಬ್ಬದ ಜೇಬಿನಲ್ಲೇ ಇತ್ತು.

"ಸಾರ್, ಈ ಫೋಟೋ ಯಾರು ತೆಗೆದದ್ದು?"

"ಯಾರಿಗಮ್ಮ ಗೊತ್ತು? ಇಲ್ಲೇ ಪಕ್ಕದ ಉಲ್ಲಾಳದ ಒಂದು ಗ್ರೂಪಿಂದ ಬಂತು. ಜನರಿಗೆ ಎಚ್ಚರಿಕೆ ಇರ್ಲಿ ಅಂತ ಹಾಕ್ದೆ."

"ಇವನು ನಮ್ಮ ಮುತ್ತುರಾಜ ಅಲ್ವಾ? ದಿನಾ ನೋಡ್ತೀರಲ್ಲ!"

"ಅದೇ ನೋಡು. ದಿನಾ ನೋಡೋರನ್ನೂ ನಂಬೋ ಹಾಗಿಲ್ಲ ಈ ಕಾಲದಲ್ಲಿ. ಕೈಯಲ್ಲಿ ಕಲ್ಲು ಇದೆಯೋ ಇಲ್ವೋ?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರ ಮನೆಯವರು ಜಯದೇವಮ್ಮ ಕಾಫಿ ತಂದರು. ಕನ್ನಡಕ ಏರಿಸಿ ನನ್ನ ಮೊಬೈಲಿಗೆ ಇಣುಕಿದರು. ಲೋಟ ಟಪ್ಪೆಂದು ಕೆಳಗಿಟ್ಟರು.

"ರೀ, ಇದು ನನ್ನ ಸಂಡಿಗೆ!"

ಫೋಟೋದ ಮೂಲೆಯಲ್ಲಿ ಹಳದಿ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಅದು ಇವರದೇ ತಾರಸಿಯ ಕಟ್ಟೆ. ಫೋಟೋ ತೆಗೆದವರೂ ಜಯದೇವಮ್ಮನೇ. ಗಲಾಟೆಗೂ ಮೊದಲೇ, ಭಾನುವಾರ, ಪಾರ್ಕಿನ ಕಾಂಪೌಂಡ್ ಕಟ್ಟಲು ಕಲ್ಲು ಬಂದಿತ್ತು. ತಮ್ಮ ಗಂಡ ಓಡಾಡಿ ತರಿಸಿದ ಕಲ್ಲು ಎಂದು ಕೆಂಗೇರಿಯ ನಾದಿನಿಗೆ ತೋರಿಸಲು ಮೇಲಿನಿಂದ ಕ್ಲಿಕ್ಕಿಸಿದ್ದರು. ಆಟೋಗೆ ಅಡ್ಡ ಬಿದ್ದ ಒಂದು ಕಲ್ಲನ್ನು ಮುತ್ತುರಾಜ ಆಗ ಪಕ್ಕಕ್ಕೆ ಇಡುತ್ತಿದ್ದ. ಅಷ್ಟೇ. ನಾದಿನಿ ಯಾರಿಗೋ ಕಳಿಸಿದರು, ಅವರು ಇನ್ಯಾರಿಗೋ. ದಾರಿಯಲ್ಲಿ ಯಾರೋ ಪುಣ್ಯಾತ್ಮ ಪಾರ್ಕನ್ನು ಕತ್ತರಿಸಿ ಗಲಾಟೆ ಅಂಟಿಸಿದ. ತಾವೇ ತರಿಸಿದ ಕಲ್ಲು ಉಲ್ಲಾಳ ಸುತ್ತಿ ಬಂದಾಗ ಅಧ್ಯಕ್ಷರಿಗೆ ಗುರುತೇ ಸಿಗಲಿಲ್ಲ.

ಬಸವಲಿಂಗಪ್ಪನವರ ಮುಖ ಸಣ್ಣಗಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ?

"ಬಂದಂತೆ ಕಳಿಸಲಾಗಿದೆ ಅಂತ ಕೆಳಗೆ ಬರ್ದಿದೀನಲ್ಲಮ್ಮ..."

"ನಿಮ್ಮ ಆಫೀಸಲ್ಲಿ ಯಾರಾದ್ರೂ ಅರ್ಜಿ ಮೇಲೆ ಹಾಗೆ ಬರ್ಕೊಂಡು ಬಂದಿದ್ರೆ ನೀವು ಮುಂದಕ್ಕೆ ಕಳಿಸ್ತಿದ್ರಾ ಸಾರ್? ಅಲ್ಲಿ ಮೇಷ್ಟ್ರಿಗೆ ಉಸಿರು ಸಿಕ್ತಾ ಇಲ್ಲ. ಅವರನ್ನ ಕರ್ಕೊಂಡು ಹೋಗೋನು ನಿಮ್ಮ ಮೆಸೇಜಿಗೆ ಹೆದರಿ ಮನೇಲಿ ಕೂತಿದಾನೆ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋಗಿ ಗೇಟಿನ ಬೀಗ ತೆಗೆದರು. ಅಲ್ಲೇ ನಿಂತು ಗ್ರೂಪಿಗೆ ಬರೆದರು: 'ಇದು ನಮ್ಮ ಪಾರ್ಕಿನ ಕಲ್ಲು. ಮುತ್ತುರಾಜ ನಿರಪರಾಧಿ. ತಪ್ಪು ನನ್ನದು.' ಜಯದೇವಮ್ಮ ಫೋನಿನಲ್ಲಿ ನಾದಿನಿಯನ್ನು ತರಾಟೆಗೆ ತೆಗೆದುಕೊಂಡರು. ನಾನು ಠಾಣೆಗೆ ಫೋನ್ ಮಾಡಿದೆ. ರಸ್ತೆ ಶಾಂತವಾಗಿದೆ, ಆಸ್ಪತ್ರೆ ಚೀಟಿ ಕೈಯಲ್ಲಿರಲಿ ಎಂದರು. ಇಷ್ಟು ಕೇಳಲು ಒಂದು ನಿಮಿಷ ಸಾಕಿತ್ತು. ಎರಡು ದಿನದಿಂದ ಗ್ರೂಪಿನ ಇನ್ನೂರು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಆಮೇಲೆ ಮುತ್ತುರಾಜನಿಗೆ ಫೋನ್ ಮಾಡಿದೆ. ಅವನು ಮಾತ್ರ ಒಪ್ಪಲಿಲ್ಲ. "ಅಕ್ಕಾ, ನಂಗೂ ಹೆಂಡ್ತಿ ಮಕ್ಳು ಇದಾರೆ."

ಬಸವಲಿಂಗಪ್ಪನವರು ಫೋನ್ ಕಿತ್ತುಕೊಂಡರು. "ನಾನೂ ಬರ್ತೀನಪ್ಪ. ನಿನ್ನ ಆಟೋದಲ್ಲೇ ಕೂತ್ಕೋತೀನಿ."

ಹೊರಟೆವು. ಮೇಷ್ಟ್ರನ್ನು ನಡುವೆ ಕೂರಿಸಿ ಒಂದು ಕಡೆ ಸೀತಾ ಆಂಟಿ, ಇನ್ನೊಂದು ಕಡೆ ಅಧ್ಯಕ್ಷರು ಕೂತರು. ಮುಂದೆ ನಮ್ಮ ಬೀದಿಯ ಚನ್ನವೀರೇಶ್ ಬೈಕಿನಲ್ಲಿ, ಹಿಂದೆ ನಾಲ್ಕನೇ ಕ್ರಾಸಿನ ರಾಗಿಣಿಯ ಸ್ಕೂಟರಿನಲ್ಲಿ ನಾನು. ಈ ಇಬ್ಬರೂ ಆ ಫೋಟೋವನ್ನು ನೋಡಿದವರು, ಮುಂದಕ್ಕೂ ಕಳಿಸಿದವರು.

ಸರ್ಕಲ್ ಹತ್ತಿರ ಐದಾರು ಹುಡುಗರು ಅಡ್ಡ ಬಂದರು.

"ಇದೇ ಆಟೋ ಗುರು, ನಂಬರ್ ನೋಡು! ಲೇ, ಇಳಿಯೋ ಕೆಳಗೆ!"

ಒಬ್ಬ ಮುತ್ತುರಾಜನ ಕಾಲರಿಗೆ ಕೈ ಹಾಕಿದ. ಬಸವಲಿಂಗಪ್ಪನವರು ಇಳಿದು ಮಧ್ಯೆ ನಿಂತರು.

"ಆ ಕಲ್ಲು ತರ್ಸಿದ್ದು ನಾನು, ನಮ್ಮ ಪಾರ್ಕಿಗೆ. ವಿಚಾರಿಸದೆ ಆ ಮೆಸೇಜ್ ಕಳಿಸಿದ್ದೂ ನಾನೇ. ಹೊಡೀಬೇಕು ಅಂದ್ರೆ ನನಗೆ ಹೊಡೀರಿ. ಒಳಗಿರೋರನ್ನ ಆಸ್ಪತ್ರೆಗೆ ಬಿಡಿ."

ಹುಡುಗರು ಒಳಗೆ ಇಣುಕಿದರು. ಮೇಷ್ಟ್ರು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು. ಕಾಲರ್ ಹಿಡಿದಿದ್ದ ಕೈ ಸಡಿಲವಾಯಿತು. "ಹೋಗಣ್ಣ, ಹೋಗು," ಎಂದು ಆ ಹುಡುಗರೇ ದಾರಿ ಬಿಡಿಸಿದರು.

ಮೇಷ್ಟ್ರು ಉಳಿದರು. ಇನ್ನೊಂದು ದಿನ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಎಂದರು ಡಾಕ್ಟರು. ಈಗ ಗೇಟಿಗೆ ಬೀಗವಿಲ್ಲ. ಯಾವ ಮನೆಯಲ್ಲಿ ಬಸುರಿ, ಯಾವ ಮನೆಯಲ್ಲಿ ರೋಗಿ, ಯಾರ ಬಳಿ ಗಾಡಿ ಇದೆ ಎಂದು ಬೀದಿಯವರೆಲ್ಲ ಸೇರಿ ಬರೆದಿಟ್ಟಿದ್ದೇವೆ. ಆದರೆ ಮುತ್ತುರಾಜನ ಫೋಟೋ ಇನ್ನೂ ನಿಂತಿಲ್ಲ. ಮೊನ್ನೆ ನಮ್ಮಣ್ಣನಿಗೆ ಹೊಸೂರಿನಲ್ಲಿ ಬಂತು, ಊರಿನ ಹೆಸರು ಮಾತ್ರ ಬೇರೆ. ಮುತ್ತುರಾಜ ಈಗಲೂ ಆಟೋದಲ್ಲಿ ಪರಿಚಯದವರಿಲ್ಲದೆ ಆ ಸರ್ಕಲ್ ದಾಟುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಕೈಮುಗಿದು ಕೇಳುತ್ತೇನೆ. ಇಂಥದ್ದು ನಿಮಗೂ ಬಂದರೆ, ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅಳಿಸಿಬಿಡಿ. ಅನುಮಾನವಿದ್ದರೆ 112ಕ್ಕೆ ಫೋನ್ ಮಾಡಿ. ಪಕ್ಕದೂರಿನಲ್ಲಿ ಗಲಾಟೆಯಾದರೆ ಬೀಗ ಹುಡುಕುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, "ನಿಮಗೇನಾದ್ರೂ ಬೇಕಾ?" ಎಂದು ಕೇಳಿ. ಕಲ್ಲು ಎಸೆದವನನ್ನು ಪೊಲೀಸರು ಹಿಡಿಯುತ್ತಾರೆ. ಮನೆಯಲ್ಲಿ ಕೂತು ಬೆರಳಿನಿಂದ ಎಸೆಯುವ ನಮ್ಮನ್ನು ನಾವೇ ಹಿಡಿದುಕೊಳ್ಳಬೇಕು.